ಗಂಗೋತ್ರಿಗೆ ಒಂದು ಜಗಲಿ ಬೇಕು

ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಿಗೆ, ಸಿಂಡಿಕೇಟ್ ಸದಸ್ಯರಿಗೆ ಮತ್ತು ಅಲ್ಲಿ ಓದಿ ಹೊರಗೆ ಬಂದ ನಮ್ಮೆಲ್ಲರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು 1984ರಿಂದ 1986ರವರೆಗೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕ್ಯಾಂಪಸ್ಸಾದ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದವನು. ಊರು ಮಂಡ್ಯದ ಹತ್ತಿರ ಒಂದು ಹಳ್ಳಿ. ಹೈಸ್ಕೂಲಿನಲ್ಲಿ, ಆಮೇಲೆ ಪಿಯು ಕಾಲೇಜಿನಲ್ಲಿ ಪಾಠ ಮಾಡಿ, ಈಗ ನಿವೃತ್ತನಾಗಿ ಸರಸ್ವತಿಪುರಂನಲ್ಲಿ ಇದ್ದೇನೆ. ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ. ಈ ಪತ್ರ ಹುಟ್ಟಿದ್ದೂ ಆ ಕೆರೆ ಏರಿ ಮೇಲೆಯೇ.

ಕಳೆದ ಡಿಸೆಂಬರಿನ ಒಂದು ಭಾನುವಾರ ಅಲ್ಲಿ ಒಬ್ಬ ಹಿರಿಯರು ಸಿಕ್ಕರು. ವಯಸ್ಸು ಎಂಬತ್ತರ ಹತ್ತಿರ. ಜೊತೆಯಲ್ಲಿ ಮೊಮ್ಮಗಳು. 1968ರಲ್ಲಿ ಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದವರಂತೆ. ಶಿವಮೊಗ್ಗದ ಕಡೆಯವರು. ಕೆಲಸ ಸಿಕ್ಕಿ ಉತ್ತರಕ್ಕೆ ಹೋದವರು ಐವತ್ತು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ‘ನಮ್ಮ ಡಿಪಾರ್ಟ್‌ಮೆಂಟಿಗೆ ಯಾವ ಕಡೆಯಿಂದ ಹೋಗ್ಬೇಕು ಅನ್ನೋದೇ ಮರೆತುಹೋಗಿದೆ. ಆಗ ಇಷ್ಟು ಮರ ಇರಲಿಲ್ಲ’ ಅಂದರು. ನಾನೇ ಕರೆದುಕೊಂಡು ಹೋದೆ.

ಭಾನುವಾರವಾದ್ದರಿಂದ ವಿಭಾಗಕ್ಕೆ ಬೀಗ ಹಾಕಿತ್ತು. ಅವರಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಮುಂದಿನ ಮೆಟ್ಟಿಲ ಹತ್ತಿರ ನಿಂತರು. ಚಪ್ಪಲಿ ಬಿಟ್ಟು, ಎರಡನೇ ಮೆಟ್ಟಿಲ ಎಡತುದಿಯನ್ನು ಕಾಲ್ಬೆರಳಿನಿಂದ ತಡವಿದರು. ಅಲ್ಲಿ ಕಲ್ಲಿನ ಮೂಲೆ ಒಂದು ಅಂಗೈ ಅಗಲ ಮುರಿದಿತ್ತು. ‘ಇದು ನಮ್ಮ ಕಾಲದಲ್ಲೇ ಮುರಿದಿತ್ತು’ ಅಂತ ಮೊಮ್ಮಗಳಿಗೆ ತೋರಿಸಿದರು. ಅವರ ಮುಖ ನೋಡಬೇಕಿತ್ತು. ಕಳೆದುಹೋದ ಉಂಗುರ ಸಿಕ್ಕಿದ ಹಾಗಿತ್ತು.

ಆಮೇಲೆ ಕೇಳಿದರು, ‘ಎಲ್ಲಾದರೂ ಸ್ವಲ್ಪ ಕೂರೋಣ್ವಾ? ಕುಡಿಯೋಕೆ ನೀರು ಸಿಗುತ್ತಾ?’ ಹೊಂಗೆ ಮರದ ಕೆಳಗೆ ರಸ್ತೆ ಅಂಚಿನ ಕಲ್ಲಿನ ಮೇಲೆ ಕೂತೆವು. ನನ್ನ ಬಾಟಲಿಯಲ್ಲಿದ್ದ ನೀರು ಕೊಟ್ಟೆ. ಅವರು ಬೆರಳು ಮಡಚುತ್ತಾ ತಮ್ಮ ಜೊತೆ ಓದಿದವರ ಹೆಸರು ಹೇಳತೊಡಗಿದರು. ಹದಿನಾಲ್ಕು ಹೆಸರಿಗೆ ನಿಂತರು. ‘ಇಪ್ಪತ್ತು ಜನ ಇದ್ವಿ. ಇನ್ನಾರು ಹೆಸರು ಹೋಯ್ತು. ಇಲ್ಲಿ ಎಲ್ಲಾದರೂ ಬರೆದಿಟ್ಟಿರ್ತಾರಾ?’ ಅಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಬರೆದಿಟ್ಟೇ ಇರುತ್ತಾರೆ. ಪರೀಕ್ಷೆ ಬರೆದವರ ಹೆಸರು ರಿಜಿಸ್ಟರಿನಲ್ಲಿ ಇರಲೇಬೇಕಲ್ಲ. ಆದರೆ ಒಂದು ಭಾನುವಾರದ ಬೆಳಗ್ಗೆ, ಎಂಬತ್ತು ವರ್ಷದ ಒಬ್ಬರು, ಆರು ಹೆಸರು ಬೇಕು ಅಂತ ಎಲ್ಲಿ ಹೋಗಿ ಕೇಳಬೇಕು?

ಅಂಥವರು ಬಂದು ಕೂರುವುದಕ್ಕೆ, ಕೇಳುವುದಕ್ಕೆ ಒಂದು ಮನೆ ಬೇಕು. ಹಳೆ ವಿದ್ಯಾರ್ಥಿಗಳಿಗೂ ಹೊರಗಿನಿಂದ ಬರುವವರಿಗೂ ಸೇರಿ ಒಂದೇ ಕೇಂದ್ರ, ಒಂದೇ ಬಾಗಿಲು. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಅದನ್ನೇ. ಹಳೆ ವಿದ್ಯಾರ್ಥಿಗಳ ಸಂಘಗಳಿವೆ, ವಿಭಾಗ ವಿಭಾಗಕ್ಕೂ ವಾಟ್ಸಾಪ್ ಗುಂಪುಗಳಿವೆ, ವರ್ಷಕ್ಕೊಮ್ಮೆ ಎಲ್ಲೋ ಸೇರಿ ಊಟ ಮಾಡುತ್ತೇವೆ. ಅದೆಲ್ಲ ಒಳ್ಳೆಯದೇ. ಆದರೆ ಮೊಬೈಲ್ ನಂಬರ್ ಇಲ್ಲದವರಿಗೆ, ಗುಂಪಿನಲ್ಲಿ ಸೇರದವರಿಗೆ, ಹೇಳದೆ ಕೇಳದೆ ಬರುವವರಿಗೆ ಬಾಗಿಲೇ ಬೇಕು.

‘ಹಳೆ ವಿದ್ಯಾರ್ಥಿಗಳಿಗೂ ಹೊಸಬರಿಗೂ ಒಂದೇ ಕಟ್ಟಡ ಯಾಕೆ?’ ಅಂತ ಗೆಳೆಯರೊಬ್ಬರು ಕೇಳಿದರು. ಅವರಿಗೆ ನಮ್ಮ ಅಪ್ಪನ ವಿಷಯ ಹೇಳಿದೆ.

1984ರಲ್ಲಿ ನನ್ನನ್ನು ಸೇರಿಸಲು ಅಪ್ಪ ಬಂದಿದ್ದರು. ಮಂಡ್ಯದಲ್ಲಿ ಪ್ಯಾಸೆಂಜರ್ ರೈಲು ಹತ್ತಿದ್ದೆವು. ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಎಲ್ಲ ಕಡೆ ನಿಂತು ನಿಂತು ಮೈಸೂರು ಬಂತು. ಅಪ್ಪನ ಕೈಯಲ್ಲಿ ಕೊಡೆ, ಹೆಗಲಿಗೆ ಒಂದು ಚೀಲ. ಚೀಲದಲ್ಲಿ ಆಲೆಮನೆಯಿಂದ ತಂದ ನಾಲ್ಕು ಅಚ್ಚು ಬೆಲ್ಲ. ಮೇಷ್ಟರು ಯಾರಾದರೂ ಸಿಕ್ಕರೆ ಕೊಡೋಣ ಅಂತ. ಸ್ಟೇಷನ್ನಿನಿಂದ ನಡೆದೇ ಬಂದು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲ್ ಮುಂದೆ ನಿಂತೆವು. ಆ ಕಟ್ಟಡವನ್ನು ಅಪ್ಪ ಮೇಲಿನಿಂದ ಕೆಳಗಿನವರೆಗೆ ನೋಡಿದರು. ‘ನಾನು ಇಲ್ಲೇ ಇರ್ತೀನಿ, ನೀನು ಹೋಗ್ಬಾ’ ಅಂದರು. ಯಾರೂ ಅವರನ್ನು ತಡೆಯಲಿಲ್ಲ. ಒಳಗೆ ಬರಬೇಡ ಅಂತ ಯಾರೂ ಹೇಳಲಿಲ್ಲ. ಅವರಿಗೇ ಕಾಲು ಬರಲಿಲ್ಲ. ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಅಪ್ಪ ಅಲ್ಲೇ ಒಂದು ಮರದ ನೆರಳಲ್ಲಿ, ಕೊಡೆ ಊರಿಕೊಂಡು ಕೂತಿದ್ದರು. ಬೆಲ್ಲದ ಚೀಲಕ್ಕೆ ಇರುವೆ ಹತ್ತಿತ್ತು. ಸಂಜೆ ರೈಲಿಗೆ ಬೆಲ್ಲ ವಾಪಸ್ ಮಂಡ್ಯಕ್ಕೇ ಹೋಯಿತು.

ಎರಡು ವರ್ಷದಲ್ಲಿ ಅಪ್ಪ ಗಂಗೋತ್ರಿಯ ಒಳಗೆ ಒಂದು ಸಲವೂ ಬರಲಿಲ್ಲ. ಮಗ ಓದುವ ಜಾಗ ಹೇಗಿದೆ ಅಂತ ನೋಡದೆಯೇ ಹೋಗಿಬಿಟ್ಟರು. ಆ ದಿನ ಅಲ್ಲಿ ಒಂದು ಜಗಲಿ ಇದ್ದು, ‘ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ, ಮಗ ಏನು ಓದ್ತಾನೆ?’ ಅಂತ ಒಬ್ಬರು ಕೇಳಿದ್ದಿದ್ದರೆ ಅವರು ಬಂದಿರುತ್ತಿದ್ದರು. ಇದು ನನಗೆ ಖಂಡಿತ ಗೊತ್ತು. ನಮ್ಮೂರಲ್ಲಿ ಅವರು ದಾರಿಯಲ್ಲಿ ಹೋಗುವವರನ್ನೆಲ್ಲ ಹಾಗೇ ಕರೆದು ಜಗಲಿ ಮೇಲೆ ಕೂರಿಸುತ್ತಿದ್ದರು.

ಈಗಲೂ ಪ್ರವೇಶದ ದಿನಗಳಲ್ಲಿ ನೋಡಿ. ನಂಜನಗೂಡು, ಎಚ್.ಡಿ. ಕೋಟೆ, ಮಳವಳ್ಳಿ, ಚಾಮರಾಜನಗರದ ಕಡೆಯಿಂದ ಮಕ್ಕಳ ಜೊತೆ ಅಪ್ಪ ಅಮ್ಮಂದಿರು ಬರುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ನಾಲ್ಕು ಫೋಟೊ. ಮನೆಯಲ್ಲಿ ಮೊದಲ ಸಲ ಒಬ್ಬರು ಎಂ.ಎ., ಎಂ.ಎಸ್ಸಿ. ಓದುತ್ತಿರುತ್ತಾರೆ. ಆ ತಾಯಂದಿರೂ ಮರದ ಕೆಳಗೇ ಕೂರುತ್ತಾರೆ.

1968ರ ಆ ಹಿರಿಯರು ಮತ್ತು 1984ರ ನಮ್ಮ ಅಪ್ಪ. ಒಬ್ಬರು ಇಲ್ಲೇ ಓದಿದವರು, ಇನ್ನೊಬ್ಬರು ಓದು ಬರಹವೇ ಇಲ್ಲದವರು. ಇಬ್ಬರೂ ಕೂತದ್ದು ಮರದ ಕೆಳಗೆ. ಇಬ್ಬರಿಗೂ ಬೇಕಿದ್ದದ್ದು ಒಂದೇ: ಕೂರುವ ಜಾಗ, ಒಂದು ಲೋಟ ನೀರು, ಮಾತಾಡಿಸುವ ಒಬ್ಬರು. ಅದಕ್ಕೇ ಎರಡು ಕಟ್ಟಡ ಬೇಡ ಅನ್ನುತ್ತಿದ್ದೇನೆ. ತವರಿಗೆ ಬಂದ ಮಗಳೂ ಊರಿಗೆ ಹೊಸಬನಾದ ನೆಂಟನೂ ಹತ್ತುವುದು ಒಂದೇ ಜಗಲಿ ಅಲ್ವಾ?

ಇಂಥ ಒಂದು ಜಾಗ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಬೇರೆ ಕಡೆ ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನದೇ ಒಂದು ಹಳೆಯ ಪ್ರಮಾಣಪತ್ರಕ್ಕಾಗಿ ಇನ್ನೊಂದು ಊರಿನ ಒಂದು ವಿದ್ಯಾಸಂಸ್ಥೆಗೆ ಹೋಗಿದ್ದೆ. ಹೆಸರು ಬೇಡ. ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ, ಅಲ್ಲಿಂದ ಬ್ಯಾಂಕಿಗೆ, ಮತ್ತೆ ಮೊದಲ ಕಿಟಕಿಗೆ. ಮೂರು ದಿನ ಲಾಡ್ಜಿನಲ್ಲಿ ಉಳಿದೆ. ಅಲ್ಲಿದ್ದವರು ಕೆಟ್ಟವರಾಗಿರಲಿಲ್ಲ. ಒಬ್ಬೊಬ್ಬರಿಗೂ ಅವರವರ ಕಿಟಕಿಯ ಕೆಲಸ ಮಾತ್ರ ಗೊತ್ತಿತ್ತು, ಅಷ್ಟೇ. ಒಟ್ಟು ದಾರಿ ಹೇಳುವವರು ಯಾರೂ ಇರಲಿಲ್ಲ. ನಾನು ಓದಿದ ಸಂಸ್ಥೆಯೇ ಅದು. ಆದರೆ ಮೂರನೇ ದಿನ ಹೊರಗೆ ಬರುವಾಗ ಇನ್ನು ಈ ಕಡೆ ಬರುವುದು ಬೇಡ ಅನ್ನಿಸಿತ್ತು. ಗಂಗೋತ್ರಿಗೆ ಬಂದ ಯಾರಿಗೂ ಹಾಗೆ ಅನ್ನಿಸಬಾರದು.

ಈಗ, ಬಂದವರಿಗೆ ತೋರಿಸುವುದಕ್ಕೆ ನಮ್ಮಲ್ಲಿ ಏನಿದೆ ಅನ್ನುವ ಮಾತು. ಹೇಳಿ ಮುಗಿಯುವಂಥದ್ದಲ್ಲ ಅದು.

1916ರ ಜುಲೈ 27ರಂದು ಈ ವಿಶ್ವವಿದ್ಯಾನಿಲಯ ಶುರುವಾಯಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ಒಂದು ದೇಶೀ ಸಂಸ್ಥಾನ ಕಟ್ಟಿಕೊಂಡ ಮೊದಲ ವಿಶ್ವವಿದ್ಯಾನಿಲಯ. ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಾಧಿಪತಿ. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಶುರುವಿನಲ್ಲಿ ಇದ್ದದ್ದು ಎರಡೇ ಕಾಲೇಜು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು.

ಇದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. ಬೆಂಗಳೂರು ವಿಶ್ವವಿದ್ಯಾಲಯ ಬಂದದ್ದು 1964ರಲ್ಲಿ. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಓದಿದವರ ಡಿಗ್ರಿಯೂ ಮೈಸೂರಿನದ್ದೇ. ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಬಿ.ಎಸ್ಸಿ. ಪಡೆದದ್ದು ಮೈಸೂರು ವಿಶ್ವವಿದ್ಯಾನಿಲಯದಿಂದ, ಓದಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಮಂಗಳೂರು ವಿಶ್ವವಿದ್ಯಾನಿಲಯ ಬೇರೆಯಾದದ್ದು 1980ರಲ್ಲಿ. ಅದಕ್ಕೆ ಮೊದಲು ಕೊಣಾಜೆಯಲ್ಲಿ ಇದ್ದದ್ದು ನಮ್ಮದೇ ಸ್ನಾತಕೋತ್ತರ ಕೇಂದ್ರ. ಶಿವಮೊಗ್ಗದ ಕಡೆ ಕುವೆಂಪು ವಿಶ್ವವಿದ್ಯಾನಿಲಯ ಆದದ್ದು 1987ರಲ್ಲಿ. ಇಂಜಿನಿಯರಿಂಗ್ ಕಾಲೇಜುಗಳೆಲ್ಲ 1998ರಲ್ಲಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ ಅದರ ಕಡೆಗೆ ಹೋದವು. ಅದಕ್ಕೂ ಮೊದಲು ಮೈಸೂರಿನ ಎನ್.ಐ.ಇ.ಯಲ್ಲಿ ಓದಿದವರ ಡಿಗ್ರಿ ನಮ್ಮದು. ಇನ್ಫೋಸಿಸ್ ನಾರಾಯಣಮೂರ್ತಿಯವರು 1967ರಲ್ಲಿ ಪಡೆದದ್ದು ಅದೇ ಡಿಗ್ರಿ.

ಅಂದರೆ ಗಂಗೋತ್ರಿಯನ್ನು ಕಣ್ಣಿಂದ ನೋಡದೆಯೇ ಮೈಸೂರು ಡಿಗ್ರಿ ಪಡೆದವರು ನಾಡಿನ ತುಂಬ ಇದ್ದಾರೆ. ಗೋಡೆಗೆ ನೇತುಹಾಕಿದ ಅವರ ಪದವಿ ಪತ್ರದಲ್ಲಿ ಗಂಡಭೇರುಂಡ ಇದೆ, ‘ನ ಹಿ ಜ್ಞಾನೇನ ಸದೃಶಂ’ ಅನ್ನುವ ಸಾಲು ಇದೆ. ಅವರು ಈಗಿನ ಲೆಕ್ಕದಲ್ಲಿ ಯಾರ ಹಳೆ ವಿದ್ಯಾರ್ಥಿಗಳು? ನಮ್ಮವರೇ. ಮೈಸೂರು ನೋಡಲು ಬಂದಾಗ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ನೋಡಿ ಹೊರಡುತ್ತಾರೆ. ‘ನಿಮ್ಮ ಡಿಗ್ರಿ ಕೊಟ್ಟ ಮನೆ ಇಲ್ಲೇ ಇದೆ, ಬನ್ನಿ’ ಅಂತ ಯಾರಾದರೂ ಕರೆಯಬೇಕು.

ಕರೆದ ಮೇಲೆ ತೋರಿಸಲಿಕ್ಕೆ ಕಥೆಗಳಿಗೆ ಬರವಿಲ್ಲ. 1891ರಲ್ಲಿ ಶುರುವಾದ ಪ್ರಾಚ್ಯ ಗ್ರಂಥಾಲಯ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ನಮ್ಮದು. ಅಲ್ಲಿಗೆ ಬಂದ ಒಂದು ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇದೆ ಅಂತ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕಂಡುಕೊಂಡರು. 1909ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಪಂಡಿತರಿಗೆ ಹೆಸರಷ್ಟೇ ಗೊತ್ತಿದ್ದ ಗ್ರಂಥ ಇಡೀ ಲೋಕಕ್ಕೆ ಸಿಕ್ಕಿದ್ದು ಮೈಸೂರಿನ ಒಂದು ಮೇಜಿನ ಮೇಲೆ. ಇದನ್ನು ಎಚ್.ಡಿ. ಕೋಟೆಯಿಂದ ಬಂದ ಹುಡುಗಿಗೆ ಸೇರುವ ದಿನವೇ ಹೇಳಬೇಕು. ನಾನಿದನ್ನು ತಿಳಿದುಕೊಂಡದ್ದು ಗಂಗೋತ್ರಿ ಬಿಟ್ಟು ಹತ್ತು ವರ್ಷ ಆದಮೇಲೆ.

ಎಸ್. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳಿದರು. ಅವರು ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ನೊಗ ಹಿಡಿದು ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು. ಈ ಕಥೆ ಮೈಸೂರಿನ ಎಲ್ಲರಿಗೂ ಗೊತ್ತು. ಆದರೆ ಕಾಲೇಜಿನಿಂದ ಸ್ಟೇಷನ್ನಿಗೆ ಅದೇ ದಾರಿಯಲ್ಲಿ ಒಂದು ಸಲ ನಡೆದು ನೋಡಿ. ಕಥೆ ಬೇರೆಯೇ ಆಗುತ್ತದೆ. ಕೇಂದ್ರದಿಂದ ವಾರಕ್ಕೊಂದು ದಿನ ಅಂಥ ನಡಿಗೆ ಹೊರಡಬಹುದು.

ಅದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಸಣ್ಣ ಟ್ರಾನ್ಸ್‌ಮಿಟರ್, ಮೇಷ್ಟರ ಸಂಬಳದ ದುಡ್ಡು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಇವತ್ತು ಇಡೀ ದೇಶ ಹೇಳುವ ಹೆಸರು ನಮ್ಮ ಒಬ್ಬ ಮೇಷ್ಟರ ಮನೆಯಿಂದ ಹೊರಟದ್ದು.

ಇನ್ನು ಕುವೆಂಪು. ಮಹಾರಾಜ ಕಾಲೇಜಿನಲ್ಲಿ ಓದಿದರು, ಅಲ್ಲೇ ಪಾಠ ಮಾಡಿದರು, ಅಲ್ಲೇ ಪ್ರಾಂಶುಪಾಲರಾದರು. 1956ರಿಂದ 1960ರವರೆಗೆ ಕುಲಪತಿ. ಊರ ನಡುವಿನ ಕಾಲೇಜುಗಳಿಂದ ಸ್ನಾತಕೋತ್ತರ ವಿಭಾಗಗಳನ್ನು ಎತ್ತಿ ಕೆರೆಯಾಚೆಯ ಬಯಲಿಗೆ ತಂದು, ಅದಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ವಿಷಯ ಒಂದಿದೆ. ಈ ಕ್ಯಾಂಪಸ್ಸನ್ನು ಕಟ್ಟಿದ್ದೇ ಒಬ್ಬ ಹಳೆ ವಿದ್ಯಾರ್ಥಿ. ಹಾಗಿರುವಾಗ ಹಳೆ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮನೆ ಕೇಳುವುದು ದೊಡ್ಡ ಬೇಡಿಕೆ ಅಂತ ನನಗೆ ಅನ್ನಿಸುವುದಿಲ್ಲ.

ಕಟ್ಟಡದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಹೊಸದನ್ನು ಕಟ್ಟಬೇಡಿ. ಗಾಜಿನ ಮುಖ, ಗ್ರಾನೈಟ್ ನೆಲ, ನಾಲ್ಕು ಅಂತಸ್ತು, ಲಿಫ್ಟು, ಇವು ಯಾವುವೂ ಬೇಡ. ವಿಶ್ವವಿದ್ಯಾನಿಲಯದ ಕೈಯಲ್ಲಿ ಎಷ್ಟೋ ಹಳೆ ಕಟ್ಟಡಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿ. ಯಾವುದು ಅಂತ ತಿಳಿದವರು ನೋಡಿ ಹೇಳಲಿ. ನನ್ನ ಆಸೆ ಇಷ್ಟೇ. ಅದು ನೆಲಮಟ್ಟದಲ್ಲಿರಲಿ. ಬಸ್ಸಿಳಿದವರಿಗೆ ಕಾಣುವ ಹಾಗಿರಲಿ. ಕೆರೆಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕೆರೆ ಅದು. ಗಂಗೋತ್ರಿಯಲ್ಲಿ ಓದಿದ ಯಾರನ್ನೇ ಕೇಳಿ, ಮೊದಲು ನೆನಪಿಗೆ ಬರುವುದು ಆ ಕೆರೆ ಮತ್ತು ಅಲ್ಲಿನ ಹೆಜ್ಜಾರ್ಲೆಗಳು.

ಹಳೆ ಕಟ್ಟಡ ಅಂದ ಕೂಡಲೇ ‘ಸೋರುತ್ತೆ, ಖರ್ಚು ಜಾಸ್ತಿ’ ಅನ್ನುವವರು ಇರುತ್ತಾರೆ. ನಮ್ಮೂರಿನ ಮನೆಯನ್ನು ನಾನು ಎರಡು ಸಲ ರಿಪೇರಿ ಮಾಡಿಸಿದ್ದೇನೆ. ಮೊದಲ ಸಲ ತಪ್ಪು ಮಾಡಿದೆ. ಸುಣ್ಣದ ಗಾರೆಯ ಗೋಡೆ ಅಲ್ಲಲ್ಲಿ ಉದುರುತ್ತಿತ್ತು. ಗಟ್ಟಿಯಾಗಲಿ ಅಂತ ಮೇಲೆ ಸಿಮೆಂಟು ಹೊಡೆಸಿದೆ. ಎರಡು ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟುಕೊಂಡು, ಸಿಮೆಂಟು ಹಪ್ಪಳದ ಹಾಗೆ ಎದ್ದು ಬಂತು. ಆಮೇಲೆ ಶ್ರೀರಂಗಪಟ್ಟಣದ ಕಡೆಯ ಒಬ್ಬ ಗಾರೆ ಮೇಸ್ತ್ರಿ ಬಂದು ಹೇಳಿದರು. ಹಳೆ ಗೋಡೆ ತೇವ ಕುಡಿಯುತ್ತದೆ, ಸುಣ್ಣದ ಮೂಲಕ ಹೊರಗೆ ಬಿಡುತ್ತದೆ. ಸಿಮೆಂಟು ಆ ಬಾಯಿ ಮುಚ್ಚಿಬಿಡುತ್ತದೆ. ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತದೆ. ಅವರು ಸುಣ್ಣ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸಿ ಗಾರೆ ಅರೆದು ಮೆತ್ತಿದರು. ಅದು ಇವತ್ತಿಗೂ ಹಾಗೇ ಇದೆ.

ಹಾಗಾಗಿ ನನ್ನ ಕೋರಿಕೆ ಏನೆಂದರೆ, ಈ ಕೆಲಸವನ್ನು ಸುಣ್ಣ ಗೊತ್ತಿರುವವರಿಗೆ ಕೊಡಿ. ಬಣ್ಣ ಬಳಿಯುವುದಕ್ಕೆ ಮುಂಚೆ ಮಾಳಿಗೆ ನೋಡಿ. ಹಳೆ ಮದ್ರಾಸ್ ತಾರಸಿಗಳು ಸೋರುವುದು ಹೆಚ್ಚಾಗಿ ನೀರು ಹೋಗುವ ತೂಬಿನಲ್ಲಿ ಎಲೆ ಕಟ್ಟಿಕೊಂಡಾಗ. ಕೈಪಿಡಿ ಗೋಡೆಯ ಬಿರುಕಿನಲ್ಲಿ ಒಂದು ಅರಳಿ ಗಿಡ ಹುಟ್ಟಿರುತ್ತದೆ. ಮೇಲಿನ ಎಲೆ ಕಿತ್ತರೆ ಸಾಲದು, ಬೇರು ಇಟ್ಟಿಗೆ ನಡುವೆ ಇಳಿದಿರುತ್ತದೆ. ಬೇರು ತೆಗೆದು, ಆ ಜಾಗವನ್ನು ಸುಣ್ಣದಲ್ಲೇ ಮುಚ್ಚಬೇಕು. ಇದಕ್ಕೆಲ್ಲ ಕೋಟಿ ಕೋಟಿ ಬೇಡ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಆದಮೇಲೆ, ಏಣಿ ಹಾಕಿ ಹತ್ತುವ ಒಬ್ಬರು ಬೇಕು.

ಮೈಸೂರಿಗೆ ಇದು ಹೊಸದೇನಲ್ಲ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಇದೆಯಲ್ಲ. 2011ರಲ್ಲಿ ಅದನ್ನು ಕೆಡವಲು ಶುರು ಮಾಡಿದ್ದರು. ಊರಿನವರು ದನಿ ಎತ್ತಿದರು. ಆಮೇಲೆ ನಗರಪಾಲಿಕೆ ಅದನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯ ಮಾಡಿ ಬಾಗಿಲು ತೆರೆಯಿತು. ಈಗ ಜನ ಹೋಗಿ ಆ ಮನೆಯ ಕಿಟಕಿಯ ಪಕ್ಕ ನಿಲ್ಲುತ್ತಾರೆ. ನಾರಾಯಣ್ ಅವರೂ ಮಹಾರಾಜ ಕಾಲೇಜಿನ ಹಳೆ ವಿದ್ಯಾರ್ಥಿಯೇ. ಒಬ್ಬ ಹಳೆ ವಿದ್ಯಾರ್ಥಿಯ ಮನೆಯನ್ನು ಊರು ಉಳಿಸಿಕೊಂಡಿತು. ಎಲ್ಲ ಹಳೆ ವಿದ್ಯಾರ್ಥಿಗಳ ಮನೆಯನ್ನು ವಿಶ್ವವಿದ್ಯಾನಿಲಯ ಮಾಡಿಕೊಡಬಹುದು.

ಒಳಗೆ ಏನಿರಬೇಕು? ಹೊರಗೆ ಉದ್ದದ ಜಗಲಿ, ಮರದ ಬೆಂಚುಗಳು. ಕುಡಿಯುವ ನೀರು, ಚೊಕ್ಕವಾದ ಶೌಚಾಲಯ. ಇವೆರಡು ಸರಿ ಇದ್ದರೆ ಅರ್ಧ ಕೆಲಸ ಆಯಿತು. ಗಾಲಿ ಕುರ್ಚಿ ಹತ್ತುವ ಇಳಿಜಾರು. ಗೋಡೆ ಮೇಲೆ ಇಡೀ ಕ್ಯಾಂಪಸ್ಸಿನ ದೊಡ್ಡ ನಕ್ಷೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಆಮೇಲೆ ಒಂದು ಮೇಜು, ಅದರ ಹಿಂದೆ ಒಬ್ಬರು. ಇದು ಬಹಳ ಮುಖ್ಯ. ಯಾವ ಕೆಲಸಕ್ಕೆ ಯಾವ ಕಚೇರಿ, ಯಾವ ಕಾಗದ, ಎಷ್ಟು ಶುಲ್ಕ ಅಂತ ಪೂರ್ತಿ ಗೊತ್ತಿರುವವರು. ಆ ಕೆಲಸಕ್ಕೆ ಈಗ ಓದುತ್ತಿರುವ ಮಕ್ಕಳನ್ನೇ ಸರದಿ ಮೇಲೆ, ಗೌರವಧನ ಕೊಟ್ಟು ಇಟ್ಟುಕೊಳ್ಳಬಹುದು. ಹಳ್ಳಿಯಿಂದ ಬಂದ ಹುಡುಗನಿಗೆ ಎರಡು ಕಾಸೂ ಆಗುತ್ತದೆ, ನಾಲ್ಕು ಜನರ ಜೊತೆ ಮಾತಾಡುವ ಧೈರ್ಯವೂ ಬರುತ್ತದೆ.

ಇನ್ನೊಂದು ಕೋಣೆ ಹೆಸರುಗಳದ್ದು. 1918ರ ಮೊದಲ ಘಟಿಕೋತ್ಸವದಿಂದ ಇವತ್ತಿನವರೆಗೆ ಪದವಿ ಪಡೆದವರ ಹೆಸರು ಅಲ್ಲಿ ಸಿಗಬೇಕು. ಅಂಕ ಬೇಡ, ದರ್ಜೆ ಬೇಡ, ಅದು ಅವರವರ ಸ್ವಂತ ವಿಷಯ. ಹೆಸರು, ವರ್ಷ, ವಿಭಾಗ ಅಷ್ಟೇ. ಹಳೆ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಕಾಗದವೂ ಉಳಿಯುತ್ತದೆ. ಅಜ್ಜ ಓದಿದ್ದ ವರ್ಷ ಹುಡುಕಿಕೊಂಡು ಮೊಮ್ಮಕ್ಕಳು ಬರುತ್ತಾರೆ, ನೋಡಿ.

ಅದರ ಜೊತೆ ಗ್ರೂಪ್ ಫೋಟೊಗಳು. ಬ್ಯಾಚು ಮುಗಿಯುವಾಗ ಎಲ್ಲ ವಿಭಾಗಗಳಲ್ಲೂ ಒಂದು ಗ್ರೂಪ್ ಫೋಟೊ ತೆಗೆಸುವುದು ನಮ್ಮ ಪದ್ಧತಿ. ನಮ್ಮದು ನನ್ನ ಹತ್ತಿರ ಇದೆ. ಮುಂದಿನ ಸಾಲಿನಲ್ಲಿ ಕುರ್ಚಿ ಮೇಲೆ ಮೇಷ್ಟರುಗಳು, ಎರಡು ಕಡೆ ಹುಡುಗಿಯರು, ಹಿಂದೆ ಬೆಂಚಿನ ಮೇಲೆ ನಿಂತ ನಾವು. ಕೆಳಗೆ ರಟ್ಟಿನ ಮೇಲೆ ಟೈಪ್ ಮಾಡಿದ ಹೆಸರುಗಳು, ‘ನಿಂತಿರುವವರು ಎಡದಿಂದ ಬಲಕ್ಕೆ’. ಮೂರನೇ ಸಾಲಿನಲ್ಲಿ ಒಂದು ಹೆಸರನ್ನು ಬೆಳ್ಳಿಹುಳು ತಿಂದಿದೆ. ಮೊದಲ ಅಕ್ಷರ ‘ಶಿ’ ಮಾತ್ರ ಉಳಿದಿದೆ. ಮುಖ ಸ್ಪಷ್ಟವಾಗಿದೆ. ದಪ್ಪ ಮೀಸೆ, ಚೌಕಳಿ ಅಂಗಿ. ಹಾಸ್ಟೆಲಿನಲ್ಲಿ ನನ್ನ ಜೊತೆ ಎಷ್ಟೋ ಸಲ ಊಟಕ್ಕೆ ಕೂತವನು. ಶಿವಣ್ಣನೋ ಶಿವರಾಮನೋ ಶಿವಲಿಂಗನೋ, ನನಗೀಗ ನೆನಪಿಗೆ ಬರುತ್ತಿಲ್ಲ. ಅದೇ ಫೋಟೊದ ಇನ್ನೊಂದು ಪ್ರತಿ ಯಾರದಾದರೂ ಮನೆಯ ಅಟ್ಟದ ಮೇಲೆ ಇರುತ್ತದೆ. ಅಲ್ಲಿ ಹುಳು ಬೇರೆ ಹೆಸರು ತಿಂದಿರುತ್ತದೆ. ಎರಡೂ ಒಂದು ಕಡೆ ಸೇರಿದರೆ ಎಲ್ಲರ ಹೆಸರೂ ಸಿಗುತ್ತದೆ.

ಏನಿರಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮದುವೆ, ನಾಮಕರಣಕ್ಕೆ ಬಾಡಿಗೆ ಕೊಡುವ ಹಾಲ್ ಆಗಬಾರದು. ಸಭೆ ಇದೆ ಅಂತ ವಾರದಲ್ಲಿ ಮೂರು ದಿನ ಬಾಗಿಲು ಹಾಕಬಾರದು. ಭಾನುವಾರ ಖಂಡಿತ ತೆರೆದಿರಬೇಕು, ಬೇಕಾದರೆ ಸೋಮವಾರ ರಜೆ ಕೊಡಿ. ಬಂದವರ ಮುಂದೆ ಮೊದಲೇ ದೇಣಿಗೆ ಪುಸ್ತಕ ಹಿಡಿಯಬಾರದು. ವಿದ್ಯಾಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕ ಇದೆ ಅಂತ ಗೊತ್ತು. ಅಂಕ ಬರಲಿ, ಸಂತೋಷ. ಆದರೆ ಆ ತಂಡ ಬರುವ ವಾರ ಮಾತ್ರ ದೀಪ ಹಚ್ಚುವ ಕೋಣೆ ಆಗಬಾರದು.

ನನ್ನ ಅಣ್ಣನ ಮಗಳು ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಓದಿದಳು. ಅದು ಮೊದಲು ವ್ಯವಸಾಯದ ಫಾರ್ಮ್ ಆಗಿ ಶುರುವಾದ ಜಾಗ. ನಮ್ಮ ಮಂಡ್ಯದ ವಿ.ಸಿ. ಫಾರ್ಮ್ ನೋಡಿ ಬೆಳೆದವಳಿಗೆ ಅದು ಬಹಳ ಹಿಡಿಸಿತ್ತು. ಅಲ್ಲಿ ಬ್ಯೂಲರ್ ಅನ್ನುವವರ ಹೆಸರಿನಲ್ಲಿ ಒಂದು ಹಳೆ ವಿದ್ಯಾರ್ಥಿಗಳ ಕೇಂದ್ರ ಇದೆ. ಒಂದು ಕಾಲಕ್ಕೆ ಅದರ ಹೆಸರೇ ‘ಹಳೆ ವಿದ್ಯಾರ್ಥಿಗಳ ಮತ್ತು ಸಂದರ್ಶಕರ ಕೇಂದ್ರ’ ಅಂತ ಇತ್ತು. ನಮ್ಮಣ್ಣ ಅತ್ತಿಗೆ ಹೋದಾಗ ಅಲ್ಲಿ ಇವರನ್ನು ಕೂರಿಸಿ, ಮಗಳು ಏನು ಓದುತ್ತಾಳೆ ಅಂತ ವಿಚಾರಿಸಿ, ನಕ್ಷೆ ಕೊಟ್ಟು ಕಳಿಸಿದರಂತೆ. ಅತ್ತಿಗೆಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಆ ನಕ್ಷೆಯನ್ನು ಇವತ್ತಿಗೂ ದೇವರ ಮನೆ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮಗಳು ಓದಿದ ಜಾಗದಲ್ಲಿ ತಮ್ಮನ್ನೂ ಮಾತಾಡಿಸಿದರು ಅನ್ನುವುದಕ್ಕೆ ಅವರ ಹತ್ತಿರ ಇರುವ ಗುರುತು ಅದು.

ಕೊನೆಯದಾಗಿ, ನನ್ನ ಹಾಗೆ ಅಲ್ಲಿ ಓದಿದವರಿಗೆ ಎರಡು ಮಾತು. ವಿಶ್ವವಿದ್ಯಾನಿಲಯ ಒಂದೇ ಇದನ್ನೆಲ್ಲ ಮಾಡಲಿ ಅಂತ ನಾವು ಸುಮ್ನೆ ಕೂರಬಾರದು. ಖಾಲಿ ಇರುವ ಹುದ್ದೆಗಳು, ಪಿಂಚಣಿ, ಸಂಬಳದ ತಾಪತ್ರಯ ಅವರಿಗೆ ಎಷ್ಟಿದೆ ಅಂತ ಪತ್ರಿಕೆ ಓದುವ ನಮಗೆಲ್ಲ ಗೊತ್ತು. ಕೈಲಾದಷ್ಟು ದುಡ್ಡು ಕೊಡೋಣ. ಹೆಸರಿನ ಕಲ್ಲು ಕೇಳದೆ ಕೊಡೋಣ. ದುಡ್ಡಿಲ್ಲದವರು ಹೊತ್ತು ಕೊಡೋಣ. ಅಟ್ಟ ಹತ್ತಿ ಗ್ರೂಪ್ ಫೋಟೊ ಇಳಿಸಿ, ಹಿಂದುಗಡೆ ವರ್ಷ ಬರೆದು ಇಡ್ರಪ್ಪ. ಮೈಸೂರಿನಲ್ಲೇ ಇರುವ ನಿವೃತ್ತರು ವಾರಕ್ಕೆ ಅರ್ಧ ದಿನ ಆ ಮೇಜಿನ ಪಕ್ಕ ಕೂತು ಬಂದವರ ಜೊತೆ ಮಾತಾಡೋಣ. ನಾನು ಭಾನುವಾರ ಬೆಳಗ್ಗೆ ಬರುತ್ತೇನೆ. ಕೆರೆ ಸುತ್ತಿ ಮುಗಿದ ಮೇಲೆ ಎಂಟರಿಂದ ಹನ್ನೆರಡರವರೆಗೆ. ಇದು ಬರೆದುಕೊಡುವ ಮಾತು.

ಕುಲಪತಿಗಳೇ, ಮುಂದಿನ ಸಿಂಡಿಕೇಟ್ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಡಿ ಅಂತ ಕೇಳಿಕೊಳ್ಳುತ್ತೇನೆ. ಕಟ್ಟಡ ಸಿಗುವುದಕ್ಕೆ ಹೊತ್ತಾಗಬಹುದು. ಅಲ್ಲಿಯವರೆಗೆ ಒಂದು ಕೋಣೆ, ಎರಡು ಬೆಂಚು, ಒಂದು ನೀರಿನ ಕ್ಯಾನು, 1960ರಿಂದ 1970ರವರೆಗಿನ ಒಂದು ಹೆಸರಿನ ಪಟ್ಟಿ ಸಾಕು. ಅಲ್ಲಿಂದಲೇ ಶುರು ಮಾಡೋಣ. ಆ ಹಿರಿಯರ ಫೋನ್ ನಂಬರ್ ನಾನು ತೆಗೆದುಕೊಂಡಿದ್ದೇನೆ. ಆರು ಹೆಸರೂ ಸಿಕ್ಕ ದಿನ ಫೋನ್ ಮಾಡುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ.

ಇಂತಿ ವಿಶ್ವಾಸದಿಂದ,
1986ರ ಕನ್ನಡ ಎಂ.ಎ. ತಂಡದವನು,
ಫೋಟೊದಲ್ಲಿ ಮೂರನೇ ಸಾಲು, ಎಡದಿಂದ ಐದನೆಯವನು